ಮನಃಶಾಸ್ತ್ರದಲ್ಲಿ ಪದವಿ ಓದುತ್ತಿದ್ದೇನೆ: ವೃತ್ತಿಗಾಗಿ ಈಗಿನಿಂದಲೇ ಯಾವ ಸಿದ್ಧತೆ ಬೇಕು?

ಪ್ರಶ್ನೆ: ಎರಡನೇ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಮನಃಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡು ಪದವಿಯ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ವಿಷಯದ ಮೇಲಿನ ಆಸಕ್ತಿ ಮೊದಲ ವರ್ಷಕ್ಕಿಂತ ಈಗ ಹೆಚ್ಚಾಗಿದೆ. ಆದರೆ ಪದವಿ ಮುಗಿಸಿ ಏನು ಮಾಡುತ್ತೀ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಸರಿಯಾದ ಉತ್ತರವಿಲ್ಲ. ಸ್ನಾತಕೋತ್ತರ ಪದವಿ ಇಲ್ಲದೆ ಈ ವಿಷಯದಲ್ಲಿ ಯಾವ ಕೆಲಸವೂ ಸಿಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಮನುಷ್ಯರಿರುವ ಕಡೆಯೆಲ್ಲ ಮನಃಶಾಸ್ತ್ರ ಓದಿದವರಿಗೆ ಕೆಲಸವಿದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದನ್ನು ಕೇಳಿದರೂ ಮುಂದಿನ ಸೆಮಿಸ್ಟರಿನಲ್ಲಿ ನಾನು ಏನು ಮಾಡಬೇಕೆಂಬುದು ತಿಳಿಯುವುದಿಲ್ಲ.

ಕಾಲೇಜಿಗೆ ಸೇರುವಾಗ ನನ್ನ ಮನಸ್ಸಿನಲ್ಲಿದ್ದುದು ಆಪ್ತಸಮಾಲೋಚನೆ ಮಾತ್ರ. ಈಗ ಸ್ಮೃತಿ, ಗ್ರಹಿಕೆ, ಸಾಮಾಜಿಕ ಮನಃಶಾಸ್ತ್ರದಂತಹ ವಿಷಯಗಳನ್ನು ಓದಿದ ಮೇಲೆ ಸಂಶೋಧನೆಯ ಕಡೆಗೂ ಮನಸ್ಸು ಹೋಗುತ್ತಿದೆ. ಆದರೆ ಸಂಖ್ಯಾಶಾಸ್ತ್ರದ ಪತ್ರಿಕೆಯೆಂದರೆ ನನಗೆ ಭಯ; ಜನರಿಗೆ ಸಹಾಯ ಮಾಡಬೇಕೆಂದು ಬಂದವಳಿಗೆ ಇಷ್ಟೊಂದು ಲೆಕ್ಕ ಏಕೆ ಬೇಕು ಎಂದು ಅನ್ನಿಸುವುದೂ ಉಂಟು. ಪದವಿಯಷ್ಟರಿಂದಲೇ ಯಾವ ಕೆಲಸಗಳನ್ನು ಮಾಡಲು ಸಾಧ್ಯ, ಯಾವುದಕ್ಕೆ ಮುಂದೆ ಓದಲೇಬೇಕು, ಮತ್ತು ಉಳಿದಿರುವ ಕಾಲದಲ್ಲಿ ಪಠ್ಯದ ಹೊರಗೆ ಏನನ್ನು ಕಲಿತರೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಮನಃಶಾಸ್ತ್ರ ಉಪನ್ಯಾಸಕ

ಈ ಪ್ರಶ್ನೆಯನ್ನು ಎರಡನೇ ವರ್ಷದಲ್ಲಿಯೇ ಕೇಳಿದ್ದೀರಿ; ಅದು ಒಳ್ಳೆಯದಾಯಿತು. ಅಂತಿಮ ವರ್ಷದ ಕೊನೆಯಲ್ಲಿ ಕೇಳಿದ್ದರೆ ನಾನು ಮುಂದೆ ಹೇಳಲಿರುವ ಅರ್ಧದಷ್ಟು ಸಂಗತಿಗಳಿಗೆ ಸಮಯವೇ ಉಳಿಯುತ್ತಿರಲಿಲ್ಲ.

ಮೊದಲು ಪದವಿಯ ಮಿತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಚಿಕಿತ್ಸೆಗೆ ಸಂಬಂಧಿಸಿದ ಕಾನೂನು ಕಟ್ಟುನಿಟ್ಟಾಗಿರುವ ಕಡೆಗಳಲ್ಲಿ, ಪದವಿಯೊಂದರ ಆಧಾರದ ಮೇಲೆ ಯಾರೂ ತಮ್ಮನ್ನು ಮನಃಶಾಸ್ತ್ರಜ್ಞರೆಂದು ಕರೆದುಕೊಂಡು ಸ್ವತಂತ್ರವಾಗಿ ಚಿಕಿತ್ಸೆ ನೀಡುವಂತಿಲ್ಲ. ಮನೋವೈದ್ಯರು ವೈದ್ಯಕೀಯ ಶಿಕ್ಷಣ ಮುಗಿಸಿ ಅನಂತರ ಮನೋವೈದ್ಯಶಾಸ್ತ್ರದಲ್ಲಿ ಪರಿಣತಿ ಪಡೆದವರು. ಆ ದಾರಿ ಮನಃಶಾಸ್ತ್ರದ ಪದವಿಯಿಂದ ಆರಂಭವಾಗುವುದಿಲ್ಲ. ಕ್ಲಿನಿಕಲ್ ಮನಃಶಾಸ್ತ್ರಜ್ಞರಾಗಲು, ಅಂದರೆ ಮಾನಸಿಕ ತೊಂದರೆಗಳನ್ನು ಗುರುತಿಸಿ ಚಿಕಿತ್ಸೆ ನೀಡುವವರಾಗಲು, ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಮಟ್ಟದ ಶಿಕ್ಷಣ, ಹಿರಿಯರ ಮೇಲ್ವಿಚಾರಣೆಯಲ್ಲಿ ನಿಗದಿತ ಅವಧಿಯ ತರಬೇತಿ, ಬಳಿಕ ನೋಂದಣಿ ಅಥವಾ ಪರವಾನಗಿ ಬೇಕಾಗುತ್ತವೆ. ಆಪ್ತಸಮಾಲೋಚನೆ, ಶಾಲಾ ಮನಃಶಾಸ್ತ್ರ, ನ್ಯಾಯಾಂಗಕ್ಕೆ ಸಂಬಂಧಿಸಿದ ಮನಃಶಾಸ್ತ್ರ ಇವುಗಳಿಗೂ ತಮ್ಮದೇ ಆದ ಅರ್ಹತೆಗಳಿವೆ. ಈ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗಿರುವುದಲ್ಲದೆ ಕಾಲಕಾಲಕ್ಕೆ ಬದಲಾಗುತ್ತಲೂ ಇರುತ್ತವೆ. ಆದ್ದರಿಂದ ನೀವು ಎಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಅಲ್ಲಿನ ನಿಯಂತ್ರಣ ಸಂಸ್ಥೆಯ ಪ್ರಕಟಣೆಯನ್ನು ನೀವೇ ಓದಿ. ಸೇರಲು ಬಯಸುವ ಕೋರ್ಸಿಗೆ ಆ ಸಂಸ್ಥೆಯ ಮಾನ್ಯತೆ ಇದೆಯೇ ಎಂಬುದನ್ನು ಅರ್ಜಿ ಹಾಕುವ ಮೊದಲೇ ಖಚಿತಪಡಿಸಿಕೊಳ್ಳಿ. ಹೆಸರು ಆಕರ್ಷಕವಾಗಿದ್ದು ಪರವಾನಗಿಗೆ ದಾರಿಯಾಗದ ಕೋರ್ಸುಗಳೂ ಇವೆ.

ಇನ್ನು ಸಂಖ್ಯಾಶಾಸ್ತ್ರ. ಸಹಾಯ ಮಾಡಲು ಬಂದವರಿಗೆ ಲೆಕ್ಕವೇಕೆ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಮುಂದೆ ಸಂಕಟದಲ್ಲಿರುವ ವ್ಯಕ್ತಿಯೊಬ್ಬರು ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೆ ಯಾವ ಚಿಕಿತ್ಸಾ ವಿಧಾನವನ್ನು ಸೂಚಿಸಬೇಕು, ಅವರು ತುಂಬಿಕೊಟ್ಟ ಪ್ರಶ್ನಾವಳಿಯ ಅಂಕವನ್ನು ಎಷ್ಟರಮಟ್ಟಿಗೆ ನಂಬಬೇಕು, ಆರು ವಾರಗಳ ಬಳಿಕ ಕಂಡ ಸುಧಾರಣೆ ಚಿಕಿತ್ಸೆಯಿಂದ ಬಂದದ್ದೋ ಅಥವಾ ಕಾಲ ಕಳೆದಂತೆ ತಾನಾಗಿಯೇ ಬಂದದ್ದೋ ಎಂಬ ಪ್ರಶ್ನೆಗಳಿಗೆ ಉತ್ತರಿಸಲು ಸಹಾನುಭೂತಿಯೊಂದೇ ಸಾಲದು. 1949ರಲ್ಲಿ ಅಮೆರಿಕದ ಬೋಲ್ಡರ್ ನಗರದಲ್ಲಿ ನಡೆದ ಸಮ್ಮೇಳನವು ಕ್ಲಿನಿಕಲ್ ಮನಃಶಾಸ್ತ್ರಜ್ಞರನ್ನು ವಿಜ್ಞಾನಿಯಾಗಿಯೂ ಚಿಕಿತ್ಸಕರಾಗಿಯೂ ತರಬೇತುಗೊಳಿಸಬೇಕೆಂದು ತೀರ್ಮಾನಿಸಿದ್ದರ ಹಿಂದೆ ಇದ್ದುದು ಇದೇ ಕಾಳಜಿ. ಆ ಮಾದರಿಯ ಬಗ್ಗೆ ಮುಂದೆ ಬೇಕಾದಷ್ಟು ಚರ್ಚೆ ನಡೆದಿದೆ, ಬೇರೆ ಮಾದರಿಗಳೂ ಬಂದಿವೆ. ಆದರೆ ಸಾಕ್ಷ್ಯವನ್ನು ಓದಲು ಬಾರದ ಚಿಕಿತ್ಸಕರು ಸಾಕು ಎಂದು ಯಾರೂ ವಾದಿಸಿಲ್ಲ.

ನಮ್ಮ ಶಾಸ್ತ್ರವು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಪ್ರಸಂಗವೊಂದು ಇಲ್ಲಿ ಬಹಳ ಮುಖ್ಯ. ಮನಃಶಾಸ್ತ್ರದ ಮೂರು ಪ್ರಮುಖ ಸಂಶೋಧನಾ ನಿಯತಕಾಲಿಕಗಳಲ್ಲಿ 2008ರಲ್ಲಿ ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಸಂಶೋಧಕರ ದೊಡ್ಡ ಗುಂಪೊಂದು ಮತ್ತೆ ನಡೆಸಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿತು. ಮೂಲ ಅಧ್ಯಯನಗಳಲ್ಲಿ ಶೇ. 97ರಷ್ಟು ಸಾಂಖ್ಯಿಕವಾಗಿ ಅರ್ಥಪೂರ್ಣ (ಬರೀ ಆಕಸ್ಮಿಕವೆಂದು ಸುಲಭವಾಗಿ ತಳ್ಳಿಹಾಕಲಾಗದ) ಫಲಿತಾಂಶವನ್ನು ವರದಿ ಮಾಡಿದ್ದವು. ಪುನರಾವರ್ತನೆಯಲ್ಲಿ ಹಾಗೆ ಕಂಡುಬಂದದ್ದು ಶೇ. 36ರಷ್ಟು ಮಾತ್ರ. ಇದನ್ನು ಕೇಳಿ ಮನಃಶಾಸ್ತ್ರವೇ ಪೊಳ್ಳು ಎಂದು ತೀರ್ಮಾನಿಸುವ ವಿದ್ಯಾರ್ಥಿಗಳಿದ್ದಾರೆ. ನನ್ನ ಅಭಿಪ್ರಾಯ ಅದಕ್ಕೆ ವಿರುದ್ಧವಾದುದು. ಸಣ್ಣ ಮಾದರಿಗಳಿಂದ ದೊಡ್ಡ ತೀರ್ಮಾನಕ್ಕೆ ಹಾರುವುದು, ಹತ್ತು ರೀತಿಯಲ್ಲಿ ವಿಶ್ಲೇಷಿಸಿ ಅನುಕೂಲವಾದ ಒಂದನ್ನು ಮಾತ್ರ ವರದಿ ಮಾಡುವುದು, ನಿರೀಕ್ಷಿತ ಫಲ ಬಾರದ ಅಧ್ಯಯನಗಳನ್ನು ಪ್ರಕಟಿಸದೆ ಬಿಡುವುದು ಇವೆಲ್ಲ ಹೇಗೆ ನಡೆಯುತ್ತವೆ ಎಂಬುದನ್ನು ಪದವಿಯಲ್ಲಿಯೇ ತಿಳಿದುಕೊಂಡ ವಿದ್ಯಾರ್ಥಿಯು ಯಾವ ಕ್ಷೇತ್ರಕ್ಕೆ ಹೋದರೂ ಅಂಕಿಅಂಶಗಳ ಮುಂದೆ ಮಂಕಾಗುವುದಿಲ್ಲ. ಸೂತ್ರಗಳನ್ನು ಬಾಯಿಪಾಠ ಮಾಡಿದವರಿಗೆ ಈ ಶಕ್ತಿ ಬರುವುದಿಲ್ಲ. ಪಿ-ಮೌಲ್ಯವು (ನಿಜವಾಗಿ ಯಾವ ಪರಿಣಾಮವೂ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವನೀಯತೆ) ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಪರಿಣಾಮದ ಗಾತ್ರವನ್ನು ಪ್ರತ್ಯೇಕವಾಗಿ ಏಕೆ ನೋಡಬೇಕು, ಸಹಸಂಬಂಧವನ್ನು (ಎರಡು ಸಂಗತಿಗಳು ಒಟ್ಟಿಗೆ ಏರಿಳಿಯುವುದನ್ನು) ಕಾರಣವೆಂದು ಏಕೆ ಓದಬಾರದು ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬೇರೆಯವರಿಗೆ ವಿವರಿಸಲು ಬಂದರೆ, ಆ ಪತ್ರಿಕೆಯ ಸಾರ ನಿಮಗೆ ದಕ್ಕಿತೆಂದು ತಿಳಿಯಿರಿ.

ಕೈಯಿಂದ ಲೆಕ್ಕ ಮಾಡುವುದು ಕಷ್ಟವಾದರೆ ಜಾಸ್ಪ್ ಅಥವಾ ಜಮೋವಿ ಎಂಬ ಸಂಖ್ಯಾಶಾಸ್ತ್ರದ ಉಚಿತ ತಂತ್ರಾಂಶಗಳಲ್ಲಿ ಆರಂಭಿಸಿ, ಅನಂತರ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬನ್ನಿ. ಸಂಶೋಧಕರು ಸಾರ್ವಜನಿಕವಾಗಿ ಇಟ್ಟಿರುವ ದತ್ತಾಂಶಗಳು ಸಾಕಷ್ಟಿವೆ. ಪ್ರಕಟಿತ ಲೇಖನವೊಂದರ ದತ್ತಾಂಶವನ್ನು ಇಳಿಸಿಕೊಂಡು, ಲೇಖಕರು ಕೊಟ್ಟಿರುವ ಕೋಷ್ಟಕ ನಿಮಗೂ ಬರುತ್ತದೆಯೇ ಎಂದು ಮಾಡಿ ನೋಡುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಉತ್ತರ: ಬಳಕೆದಾರರ ಕುರಿತು ಸಂಶೋಧನೆ ಮಾಡುವವಳು

ಉಪನ್ಯಾಸಕರ ಮಾತಿಗೆ ನನ್ನ ಸಹಮತವಿದೆ. ಪದವಿಯಷ್ಟರಿಂದಲೇ ಸಾಧ್ಯವಿರುವ ಕೆಲಸಗಳ ಬಗ್ಗೆ ಕೆಲವು ಮಾತುಗಳನ್ನು ಸೇರಿಸುತ್ತೇನೆ. ನಾನು ಮನಃಶಾಸ್ತ್ರ ಓದಿ, ಈಗ ತಂತ್ರಾಂಶ ತಯಾರಿಸುವ ತಂಡವೊಂದರಲ್ಲಿ ಬಳಕೆದಾರರ ವರ್ತನೆಯನ್ನು ಅಧ್ಯಯನ ಮಾಡುವ ಕೆಲಸದಲ್ಲಿದ್ದೇನೆ.

ಮಾರುಕಟ್ಟೆ ಸಂಶೋಧನೆ, ಸಮೀಕ್ಷೆಗಳ ವಿನ್ಯಾಸ, ಮಾನವ ಸಂಪನ್ಮೂಲ ವಿಭಾಗ, ತರಬೇತಿ, ಸಾಮಾಜಿಕ ಯೋಜನೆಗಳ ಮೌಲ್ಯಮಾಪನ, ಸಂಶೋಧನಾ ಸಹಾಯಕ ಹುದ್ದೆ, ವಿಶೇಷ ಅಗತ್ಯವುಳ್ಳ ಮಕ್ಕಳ ಕೇಂದ್ರಗಳಲ್ಲಿ ಸಹಾಯಕರ ಕೆಲಸ ಇವುಗಳಿಗೆ ಪದವೀಧರರನ್ನು ತೆಗೆದುಕೊಳ್ಳುವುದುಂಟು. ಆದರೆ ಕೆಲಸದ ಜಾಹೀರಾತಿನಲ್ಲಿ "ಮನಃಶಾಸ್ತ್ರ" ಎಂಬ ಪದ ಇರುವುದು ಅಪರೂಪ. ಹುದ್ದೆಯ ಹೆಸರಿನಿಂದ ಹುಡುಕಿದರೆ ಏನೂ ಸಿಗುವುದಿಲ್ಲ. ಅಲ್ಲಿ ಪ್ರತಿದಿನ ಮಾಡಬೇಕಾದ ಕೆಲಸ ಯಾವುದೆಂದು ನೋಡಿ ಹುಡುಕಬೇಕು. ಸಂದರ್ಶನ ಮಾಡುವುದು, ಪ್ರಶ್ನಾವಳಿ ರಚಿಸುವುದು, ದತ್ತಾಂಶವನ್ನು ಶುಚಿಗೊಳಿಸುವುದು, ಕಂಡದ್ದನ್ನು ವರದಿಯಾಗಿ ಬರೆಯುವುದು ಇವು ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ನಿಮ್ಮ ಓದಿಗೆ ಬೆಲೆಯಿದೆ.

ನನ್ನ ಕ್ಷೇತ್ರದ ಬೇರು ಎರಡನೇ ಮಹಾಯುದ್ಧದ ಕಾಲದ ವಿಮಾನಗಳಲ್ಲಿದೆ ಎಂಬುದು ಪದವಿ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಬಿ-17 ಎಂಬ ಅಮೆರಿಕದ ಬಾಂಬರ್ ವಿಮಾನದ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಗೆ ಜೋಡಿಸಿದ ಫಲಕಗಳಾದ ಫ್ಲಾಪ್‌ಗಳನ್ನು ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು. ಎರಡೂ ಸ್ವಿಚ್ಚುಗಳು ಅಕ್ಕಪಕ್ಕದಲ್ಲಿದ್ದು ಒಂದೇ ರೀತಿ ಕಾಣುತ್ತಿದ್ದುದನ್ನು ಗಮನಿಸಿದ ಮನಃಶಾಸ್ತ್ರಜ್ಞ ಆಲ್ಫನ್ಸ್ ಚಪಾನಿಸ್, ಮುಟ್ಟಿದ ಕೂಡಲೇ ವ್ಯತ್ಯಾಸ ತಿಳಿಯುವಂತೆ ಅವುಗಳಿಗೆ ಬೇರೆ ಬೇರೆ ಆಕಾರ ಕೊಡಿಸಿದರು. 1947ರಲ್ಲಿ ಮನಃಶಾಸ್ತ್ರಜ್ಞರಾದ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಪೈಲಟ್‌ಗಳ ತಪ್ಪೆಂದು ದಾಖಲಾಗಿದ್ದ ನೂರಾರು ಪ್ರಸಂಗಗಳನ್ನು ವಿಂಗಡಿಸಿ, ಅವುಗಳಲ್ಲಿ ಬಹಳಷ್ಟಕ್ಕೆ ಉಪಕರಣಗಳ ವಿನ್ಯಾಸವೇ ಕಾರಣವೆಂದು ತೋರಿಸಿದರು. ಗ್ರಹಿಕೆ ಮತ್ತು ಗಮನದ ಬಗ್ಗೆ ನೀವು ತರಗತಿಯಲ್ಲಿ ಓದುವ ಅಧ್ಯಾಯಗಳಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆಸ್ಪತ್ರೆಯ ಯಂತ್ರಗಳು, ವಾಹನಗಳು, ಹಣ ಪಾವತಿಯ ಆ್ಯಪ್‌ಗಳು ಎಲ್ಲದಕ್ಕೂ ಇಂದು ಈ ದೃಷ್ಟಿ ಬೇಕಾಗಿದೆ.

ಪ್ರಶ್ನೆ ಕೇಳುವ ಕಲೆಯನ್ನೂ ಪದವಿಯಲ್ಲಿಯೇ ಗಂಭೀರವಾಗಿ ಕಲಿಯಿರಿ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಕಾರು ಅಪಘಾತದ ಚಲನಚಿತ್ರದ ತುಣುಕುಗಳನ್ನು ತೋರಿಸಿ ವೇಗವನ್ನು ಅಂದಾಜು ಮಾಡಲು ಕೇಳಿದ ಪ್ರಯೋಗವನ್ನು ನೀವು ಓದಿರುತ್ತೀರಿ. ಕಾರುಗಳು "ಅಪ್ಪಳಿಸಿದಾಗ" ಎಷ್ಟು ವೇಗದಲ್ಲಿದ್ದವು ಎಂದು ಕೇಳಿದಾಗ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ. "ತಾಗಿದಾಗ" ಎಂದು ಕೇಳಿದಾಗ ಸುಮಾರು 32 ಮೈಲಿ. ಪರೀಕ್ಷೆಗಾಗಿ ಓದುವಾಗ ಇದು ಸ್ಮೃತಿಯ ಅಧ್ಯಾಯದ ಐದು ಅಂಕಗಳ ಪ್ರಶ್ನೆ. ಕೆಲಸದಲ್ಲಿ ಮಾತ್ರ ಇದು ಪ್ರತಿ ವಾರವೂ ಎದುರಾಗುವ ಸಂಗತಿ: "ಈ ಹೊಸ ಸೌಲಭ್ಯ ನಿಮಗೆ ಎಷ್ಟು ಅನುಕೂಲವಾಯಿತು" ಎಂದು ಕೇಳಿದ ತಂಡಕ್ಕೆ ಅನುಕೂಲವಾಯಿತೆಂಬ ಉತ್ತರಗಳೇ ಸಿಗುತ್ತವೆ, ಆ ಉತ್ತರಗಳನ್ನು ನಂಬಿ ತಿಂಗಳುಗಟ್ಟಲೆಯ ಶ್ರಮ ವ್ಯರ್ಥವಾಗುತ್ತದೆ.

ಅರ್ಜಿ ಬರೆಯುವಾಗ ಓದಿದ ಪತ್ರಿಕೆಗಳ ಹೆಸರನ್ನು ಪಟ್ಟಿ ಮಾಡಬೇಡಿ. "ಸಂಶೋಧನಾ ವಿಧಾನಗಳನ್ನು ಅಭ್ಯಾಸ ಮಾಡಿದ್ದೇನೆ" ಎಂಬ ವಾಕ್ಯದಿಂದ ಉದ್ಯೋಗದಾತರಿಗೆ ಏನೂ ತಿಳಿಯುವುದಿಲ್ಲ. ಯಾವ ಪ್ರಶ್ನೆಯನ್ನು ಎತ್ತಿಕೊಂಡಿರಿ, ಎಷ್ಟು ಜನರಿಂದ ಹೇಗೆ ಮಾಹಿತಿ ಪಡೆದಿರಿ, ಯಾವ ತಂತ್ರಾಂಶದಲ್ಲಿ ವಿಶ್ಲೇಷಿಸಿದಿರಿ, ಏನು ಕಂಡುಬಂತು, ಆ ಫಲಿತಾಂಶದ ಮಿತಿಯೇನು ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದರೆ ಅದೇ ನಿಮ್ಮ ಅರ್ಹತೆಯ ಸಾಕ್ಷಿ. ಅಂತಹ ಎರಡು ಮೂರು ಕಿರುಅಧ್ಯಯನಗಳನ್ನು ಯಾರಾದರೂ ತೆರೆದು ಓದಬಹುದಾದ ರೂಪದಲ್ಲಿ ಇಟ್ಟುಕೊಳ್ಳಿ.

ಒಂದು ವಿಷಯದಲ್ಲಿ ನನ್ನ ನಿಲುವು ಬೇರೆ. ಪದವಿ ಮುಗಿದ ಕೂಡಲೇ ಸ್ನಾತಕೋತ್ತರಕ್ಕೆ ಸೇರಲೇಬೇಕೆಂಬ ಅವಸರ ಬೇಡ. ಒಂದೆರಡು ವರ್ಷ ಕೆಲಸ ಮಾಡಿದವರು ಯಾವ ಶಾಖೆಯನ್ನು ಏಕೆ ಓದಬೇಕೆಂದು ಖಚಿತವಾಗಿ ಹೇಳಬಲ್ಲರು.

ಉತ್ತರ: ಆಪ್ತಸಮಾಲೋಚಕಿ

ವಿದ್ಯಾರ್ಥಿನಿಯ ಮೊದಲ ಆಸೆ ಆಪ್ತಸಮಾಲೋಚನೆಯಾಗಿದ್ದುದರಿಂದ ಆ ಭಾಗವನ್ನು ನಾನು ಬರೆಯುತ್ತೇನೆ. ಸಂಖ್ಯಾಶಾಸ್ತ್ರದ ಬಗ್ಗೆ ಉಪನ್ಯಾಸಕರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಕೇಳಿಸಿಕೊಳ್ಳುವುದನ್ನು ಅಷ್ಟೇ ಶ್ರಮದಿಂದ ಕಲಿಯಬೇಕು, ಮತ್ತು ಪದವಿಯ ಪಠ್ಯಕ್ರಮಗಳಲ್ಲಿ ಅದಕ್ಕೆ ಸಿಗುವ ಸ್ಥಾನ ಬಹಳ ಕಡಿಮೆ ಎಂಬುದು ನನ್ನ ಕೊರಗು.

ಸಮಾಲೋಚಕರಿಗೂ ನೆರವು ಕೋರಿ ಬಂದವರಿಗೂ ನಡುವೆ ಬೆಳೆಯುವ ಸಹಕಾರದ ಸಂಬಂಧವು ಚಿಕಿತ್ಸೆಯ ಫಲಿತಾಂಶದೊಂದಿಗೆ ಹೊಂದಿಕೊಂಡಿದೆ ಎಂಬುದು ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಬಾರಿ ಪರೀಕ್ಷೆಗೆ ಒಳಗಾದ ಸಂಗತಿಗಳಲ್ಲೊಂದು. 2018ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು 295 ಸ್ವತಂತ್ರ ಅಧ್ಯಯನಗಳನ್ನು ಒಟ್ಟುಗೂಡಿಸಿ ಇವೆರಡರ ನಡುವಿನ ಸಹಸಂಬಂಧವನ್ನು ಸುಮಾರು 0.28 (ಸಂಬಂಧವೇ ಇಲ್ಲದಿದ್ದರೆ 0, ಪೂರ್ಣವಾಗಿದ್ದರೆ 1) ಎಂದು ಕಂಡುಕೊಂಡಿತು. ಸಂಖ್ಯೆ ಮೇಲ್ನೋಟಕ್ಕೆ ಚಿಕ್ಕದೆನಿಸಬಹುದು, ಆದರೆ ಬೇರೆ ಬೇರೆ ಚಿಕಿತ್ಸಾ ಪದ್ಧತಿಗಳಲ್ಲಿಯೂ ಅದು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಈ ಸಂಬಂಧ ಸ್ವಭಾವದ ಒಳ್ಳೆಯತನದಿಂದ ತಾನಾಗಿಯೇ ಬರುವುದಿಲ್ಲ. ಎದುರಿನವರ ಮಾತನ್ನು ಅರ್ಧದಲ್ಲಿ ತಡೆಯದಿರುವುದು, ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹಿಂತಿರುಗಿಸಿ ಸರಿಯೇ ಎಂದು ಕೇಳುವುದು, ಮೌನವನ್ನು ತುಂಬಲು ಆತುರಪಡದಿರುವುದು, ಚಿಕಿತ್ಸೆಯ ಗುರಿಯನ್ನು ಇಬ್ಬರೂ ಕೂಡಿ ನಿಗದಿ ಮಾಡುವುದು ಇವೆಲ್ಲ ಅಭ್ಯಾಸದಿಂದ ಬರುವ ಕೌಶಲಗಳು. ಇಬ್ಬರು ಸಹಪಾಠಿಗಳು ಒಪ್ಪಿದರೆ ಇಪ್ಪತ್ತು ನಿಮಿಷಗಳ ಅಭ್ಯಾಸ ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಂಡು ಅನಂತರ ಒಟ್ಟಿಗೆ ಕೇಳಿ. ನೀವು ಯಾವ ಕ್ಷಣದಲ್ಲಿ ಸಲಹೆ ಕೊಡಲು ಮುಂದಾದಿರಿ ಎಂಬುದನ್ನು ಗುರುತು ಹಾಕಿಕೊಳ್ಳಿ. ಹೆಚ್ಚಿನವರಲ್ಲಿ ಅದು ನಿರೀಕ್ಷೆಗಿಂತ ಬಹಳ ಬೇಗ ಬರುತ್ತದೆ.

ನಿಜವಾದ ಅನುಭವಕ್ಕಾಗಿ ತರಬೇತಿ ಕೊಡುವ ಸಹಾಯವಾಣಿಗಳು, ವೃದ್ಧರ ಅಥವಾ ಮಕ್ಕಳ ಆರೈಕೆ ಕೇಂದ್ರಗಳು, ಪುನರ್ವಸತಿ ಕೇಂದ್ರಗಳಲ್ಲಿ ಸ್ವಯಂಸೇವೆ ಮಾಡಬಹುದು. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ನನ್ನ ಕೆಲಸದ ಮೇಲ್ವಿಚಾರಣೆ ಯಾರು ಮಾಡುತ್ತಾರೆ? ಸ್ಪಷ್ಟವಾದ ಉತ್ತರ ಸಿಗದಿದ್ದರೆ ಅಲ್ಲಿ ಸೇರಬೇಡಿ. ಪದವಿ ವಿದ್ಯಾರ್ಥಿಗಳನ್ನು ಕಠಿಣ ಪ್ರಕರಣಗಳ ಮುಂದೆ ಒಂಟಿಯಾಗಿ ಕೂರಿಸುವ ಕಡೆ ನೆರವು ಕೋರಿ ಬಂದವರಿಗೂ ಹಾನಿ, ನಿಮಗೂ ಹಾನಿ. ಇಂಟರ್ನ್‌ಶಿಪ್ ಹೆಸರಿನಲ್ಲಿ ಹಣ ತೆಗೆದುಕೊಂಡು ಪ್ರಮಾಣಪತ್ರ ಕೊಡುವ, ಆದರೆ ಏನನ್ನೂ ಕಲಿಸದ ಜಾಗಗಳಿಂದಲೂ ದೂರವಿರಿ. ಸ್ನಾತಕೋತ್ತರ ಆಯ್ಕೆಯ ಸಂದರ್ಶನದಲ್ಲಿ ಅಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ ಉತ್ತರಕ್ಕೆ ಪ್ರಮಾಣಪತ್ರ ಒದಗಿ ಬರುವುದಿಲ್ಲ.

ಇನ್ನೊಂದು ಮಾತನ್ನು ಸ್ವಲ್ಪ ಎಚ್ಚರಿಕೆಯಿಂದ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನ ತಮ್ಮದೇ ಅಥವಾ ಮನೆಯವರ ನೋವಿನ ಕಾರಣದಿಂದ ಈ ವಿಷಯಕ್ಕೆ ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಎಷ್ಟೋ ಒಳ್ಳೆಯ ಚಿಕಿತ್ಸಕರು ಬಂದದ್ದು ಆ ದಾರಿಯಿಂದಲೇ. ಆದರೆ ಆ ನೋವಿಗೆ ಬೇರೆ ಕಡೆ ಆರೈಕೆ ಸಿಕ್ಕಿರಬೇಕು. ಸಿಗದಿದ್ದಾಗ, ಎದುರಿಗೆ ಕುಳಿತವರ ಕಥೆಯಲ್ಲಿ ನಮ್ಮ ಕಥೆಯನ್ನೇ ಕೇಳಿಸಿಕೊಳ್ಳತೊಡಗುತ್ತೇವೆ. ಅಗತ್ಯವೆನಿಸಿದರೆ ವಿದ್ಯಾರ್ಥಿಯಾಗಿರುವಾಗಲೇ ಸಮಾಲೋಚಕರನ್ನು ಕಾಣಿ; ಅದು ನಿಮ್ಮ ಅರ್ಹತೆಗೆ ಕುಂದಲ್ಲ. ಹಾಗೆಯೇ, ಅಸಹಜ ಮನಃಶಾಸ್ತ್ರದ ಪಠ್ಯ ಓದುವ ವರ್ಷ ಗೆಳೆಯರಿಗೂ ನೆಂಟರಿಗೂ ರೋಗದ ಹೆಸರು ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಆ ಆಸೆಯನ್ನು ಈಗಲೇ ಹತ್ತಿಕ್ಕಿಕೊಳ್ಳಿ. ರೋಗನಿರ್ಣಯ ತರಬೇತಿ ಪಡೆದವರ ಕೆಲಸ, ಅದೂ ಅವರ ಬಳಿ ನೆರವು ಕೋರಿ ಬಂದವರಿಗೆ ಮಾತ್ರ.

ಉತ್ತರ: ನೇಮಕಾತಿ ವಿಭಾಗದಲ್ಲಿರುವವನು

ಮಾನವ ಸಂಪನ್ಮೂಲ ವಿಭಾಗವನ್ನು ಹಲವರು ಬೇರೇನೂ ಸಿಗದಿದ್ದಾಗಿನ ಆಯ್ಕೆಯೆಂದು ನೋಡುತ್ತಾರೆ. ಸಾಂಸ್ಥಿಕ ಮನಃಶಾಸ್ತ್ರವನ್ನು ಓದಿದ ನನಗೆ ಇದು ಸರಿಯೆನಿಸುವುದಿಲ್ಲ. ಯಾರಿಗೆ ಕೆಲಸ ಸಿಗಬೇಕು, ಯಾರಿಗೆ ಸಿಗಬಾರದು ಎಂಬ ನಿರ್ಧಾರ ನ್ಯಾಯವಾಗಿರಬೇಕಾದರೆ ಅಳತೆಯ ವಿಶ್ವಾಸಾರ್ಹತೆ (ಮತ್ತೆ ಅಳೆದರೂ ಅದೇ ಫಲ ಬರುವುದು) ಮತ್ತು ಸಿಂಧುತ್ವವನ್ನು (ಅಳೆಯಬೇಕಾದುದನ್ನೇ ಅಳೆಯುವುದು) ಬಲ್ಲವರು ಅಲ್ಲಿರಬೇಕು. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆಗಳನ್ನು ಕೇಳಿ, ಮೊದಲೇ ನಿಗದಿಪಡಿಸಿದ ಮಾನದಂಡದಿಂದ ಅಂಕ ಕೊಡುವ ವ್ಯವಸ್ಥಿತ ಸಂದರ್ಶನವು ಮನಸ್ಸಿಗೆ ಬಂದಂತೆ ನಡೆಸುವ ಸಂದರ್ಶನಕ್ಕಿಂತ ಮುಂದಿನ ಕಾರ್ಯಕ್ಷಮತೆಯನ್ನು ಚೆನ್ನಾಗಿ ಅಂದಾಜು ಮಾಡುತ್ತದೆ ಎಂದು ಸಂಶೋಧಕರಾದ ಷ್ಮಿಟ್ ಮತ್ತು ಹಂಟರ್ 1998ರಲ್ಲಿ ದಶಕಗಳ ಸಂಶೋಧನೆಯನ್ನು ಕ್ರೋಡೀಕರಿಸಿ ತೋರಿಸಿದರು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಅದೇ ಲೆಕ್ಕಗಳನ್ನು ಪರಿಷ್ಕರಿಸಿದಾಗ ಹಲವು ವಿಧಾನಗಳ ಅಂದಾಜುಗಳು ಕೆಳಗಿಳಿದವು, ಆದರೆ ವ್ಯವಸ್ಥಿತ ಸಂದರ್ಶನವು ಪಟ್ಟಿಯ ಮೇಲ್ಭಾಗದಲ್ಲಿಯೇ ಉಳಿಯಿತು. ಹೀಗಿದ್ದರೂ ಎಷ್ಟೋ ಕಡೆ ಹತ್ತು ನಿಮಿಷದ ಹರಟೆಯಿಂದಲೇ ನೇಮಕಾತಿ ನಡೆಯುತ್ತದೆ.

ಮನಃಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತಮ್ಮ ವಿದ್ಯಾರ್ಥಿಗಳಿಗೆಲ್ಲ ಒಂದೇ ವ್ಯಕ್ತಿತ್ವ ವಿವರಣೆಯನ್ನು ಕೊಟ್ಟು, ಅದು ತಮ್ಮದೇ ಎಂದು ನಂಬಿದ ಅವರಿಂದ ಅದರ ನಿಖರತೆಗೆ ಐದಕ್ಕೆ ಸರಾಸರಿ ನಾಲ್ಕಕ್ಕೂ ಹೆಚ್ಚು ಅಂಕ ಪಡೆದ ಪ್ರಯೋಗ 1949ರಲ್ಲಿ ಪ್ರಕಟವಾಯಿತು. ಇಂದಿಗೂ ಕಂಪನಿಗಳಿಗೆ ಮಾರಾಟವಾಗುವ ಕೆಲವು ವ್ಯಕ್ತಿತ್ವ ಪರೀಕ್ಷೆಗಳನ್ನು ನೋಡಿದಾಗ ನನಗೆ ಆ ಪ್ರಯೋಗ ನೆನಪಾಗುತ್ತದೆ. ಇಂತಹ ಪರೀಕ್ಷೆಯೊಂದು ಮೇಜಿಗೆ ಬಂದಾಗ ಇದರ ಸಿಂಧುತ್ವಕ್ಕೆ ಸಾಕ್ಷ್ಯವೇನು ಎಂದು ಕೇಳಬಲ್ಲ ಒಬ್ಬರಾದರೂ ವಿಭಾಗದಲ್ಲಿರಬೇಕು. ಆ ಒಬ್ಬರು ನೀವಾಗಬಹುದು. ಮನೋಮಾಪನದ (ಮಾನಸಿಕ ಗುಣಗಳನ್ನು ಅಳೆಯುವ ವಿಧಾನಗಳ) ಪತ್ರಿಕೆಯನ್ನು ಚೆನ್ನಾಗಿ ಓದಿ, ಜೊತೆಗೆ ಕಾರ್ಮಿಕ ಕಾನೂನಿನ ಪ್ರಾಥಮಿಕ ಪರಿಚಯ ಮಾಡಿಕೊಳ್ಳಿ.

ಪ್ರತಿಕ್ರಿಯೆ: ಎರಡನೇ ವರ್ಷದ ವಿದ್ಯಾರ್ಥಿನಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹುದ್ದೆಯ ಹೆಸರನ್ನು ಬಿಟ್ಟು ಪ್ರತಿದಿನದ ಕೆಲಸವನ್ನು ನೋಡಬೇಕೆಂಬ ಮಾತಿನಿಂದ ನನ್ನ ಗೊಂದಲ ಅರ್ಧ ಕಡಿಮೆಯಾಯಿತು. ಉಪನ್ಯಾಸಕ ಸರ್, ತಮ್ಮಲ್ಲಿ ಇನ್ನೆರಡು ಪ್ರಶ್ನೆಗಳಿವೆ. ಅಂತಿಮ ವರ್ಷದಲ್ಲಿ ನಾವು ಕಿರುಸಂಶೋಧನೆ ಮಾಡಬೇಕು. ನನ್ನ ಮನಸ್ಸಿನಲ್ಲಿರುವ ವಿಷಯ "ಯುವಜನರ ಮೇಲೆ ಸಾಮಾಜಿಕ ಜಾಲತಾಣಗಳ ಪರಿಣಾಮ". ಇದು ಸರಿಯೇ? ಎರಡನೆಯದಾಗಿ, ಪಾಠಗಳನ್ನು ಮತ್ತೆ ಮತ್ತೆ ಓದಿದರೂ ಸಂಖ್ಯಾಶಾಸ್ತ್ರ ಪರೀಕ್ಷೆಯಲ್ಲಿ ಎಲ್ಲವೂ ಮರೆತುಹೋಗುತ್ತದೆ. ಇದಕ್ಕೆ ಏನು ಮಾಡಬೇಕು?

ಉತ್ತರ: ಮನಃಶಾಸ್ತ್ರ ಉಪನ್ಯಾಸಕ

ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ಶಾಸ್ತ್ರದಲ್ಲಿಯೇ ಇದೆ. ಸ್ಮೃತಿಯ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಪಾಠವನ್ನು ಮತ್ತೆ ಓದಲು ಹೇಳಿ, ಇನ್ನೊಂದು ಗುಂಪಿಗೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದಿದ್ದರು. ಓದುವಾಗ ಪರಿಚಿತವೆನಿಸುವುದೂ ಬೇಕಾದಾಗ ನೆನಪಿಗೆ ಬರುವುದೂ ಒಂದೇ ಅಲ್ಲ. ಆದ್ದರಿಂದ ಪ್ರತಿ ಅಧ್ಯಾಯದ ನಂತರ ಪುಸ್ತಕ ಮುಚ್ಚಿ, ಯಾವ ಸಂದರ್ಭದಲ್ಲಿ ಯಾವ ಪರೀಕ್ಷಾ ವಿಧಾನವನ್ನು ಬಳಸಬೇಕೆಂದು ಬರೆಯಿರಿ; ಎರಡು ದಿನ ಬಿಟ್ಟು ಮತ್ತೆ ಬರೆಯಿರಿ, ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಕಲೆಸಿಕೊಂಡು ಅಭ್ಯಾಸ ಮಾಡಿ, ಏಕೆಂದರೆ ಪರೀಕ್ಷೆಯಲ್ಲಿ ಇದು ಇಂಥದ್ದೇ ಲೆಕ್ಕವೆಂದು ಮೊದಲೇ ಹೇಳುವ ಶೀರ್ಷಿಕೆ ಇರುವುದಿಲ್ಲ.

ಕಿರುಸಂಶೋಧನೆಯ ವಿಷಯ ಈಗಿರುವಂತೆ ಬಹಳ ವಿಶಾಲವಾಗಿದೆ. "ಪರಿಣಾಮ" ಎಂದ ಕೂಡಲೇ ಕಾರಣವನ್ನು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ; ಒಮ್ಮೆ ಹಂಚಿದ ಪ್ರಶ್ನಾವಳಿಯಿಂದ ಅದನ್ನು ತೋರಿಸಲಾಗದು. ಹೆಚ್ಚು ಹೊತ್ತು ಜಾಲತಾಣದಲ್ಲಿರುವವರು ಹೆಚ್ಚು ಬೇಸರದಲ್ಲಿದ್ದಾರೆಂದು ಕಂಡುಬಂದರೆ, ಜಾಲತಾಣದಿಂದ ಬೇಸರ ಬಂತೋ, ಬೇಸರವಾದವರು ಜಾಲತಾಣಕ್ಕೆ ಹೋದರೋ, ನಿದ್ದೆಯ ಕೊರತೆಯಂತಹ ಮೂರನೆಯ ಕಾರಣದಿಂದ ಎರಡೂ ಆದವೋ ಎಂಬುದನ್ನು ಆ ದತ್ತಾಂಶ ಹೇಳುವುದಿಲ್ಲ. ಬದಲಿಗೆ ಚಿಕ್ಕ ಪ್ರಶ್ನೆಯೊಂದನ್ನು ಎತ್ತಿಕೊಳ್ಳಿ. ಉದಾಹರಣೆಗೆ, ಓದುವಾಗ ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡ ಗುಂಪಿಗೂ ಬೇರೆ ಕೋಣೆಯಲ್ಲಿ ಇಟ್ಟ ಗುಂಪಿಗೂ ಓದಿದ್ದನ್ನು ನೆನಪಿಸಿಕೊಳ್ಳುವುದರಲ್ಲಿ ವ್ಯತ್ಯಾಸವಿದೆಯೇ? ಭಾಗವಹಿಸುವವರನ್ನು ಯಾದೃಚ್ಛಿಕವಾಗಿ (ಚೀಟಿ ಎತ್ತಿದಂತೆ) ಎರಡು ಗುಂಪುಗಳಿಗೆ ಹಂಚಬಹುದು, ಅಳತೆ ಸ್ಪಷ್ಟ, ವಿಶ್ಲೇಷಣೆ ನಿಮ್ಮ ಕೈಗೆಟಕುವಂಥದ್ದು. ಎಷ್ಟು ಜನ ಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿ, ಪ್ರಾಕ್ಕಲ್ಪನೆಯನ್ನೂ (ಪರೀಕ್ಷಿಸಲಿರುವ ಊಹೆಯನ್ನೂ) ವಿಶ್ಲೇಷಣೆಯ ಯೋಜನೆಯನ್ನೂ ದತ್ತಾಂಶ ಸಂಗ್ರಹಕ್ಕೆ ಮುಂಚೆಯೇ ಬರೆದು ದಿನಾಂಕ ಹಾಕಿಡಿ. ವಿಭಾಗದ ನೈತಿಕ ಸಮಿತಿಯ ಒಪ್ಪಿಗೆ ಮತ್ತು ಭಾಗವಹಿಸುವವರ ತಿಳಿವಳಿಕೆಯ ಸಮ್ಮತಿ ಇಲ್ಲದೆ ಒಬ್ಬರಿಂದಲೂ ಮಾಹಿತಿ ಪಡೆಯಬೇಡಿ. ವ್ಯತ್ಯಾಸ ಕಂಡುಬರದಿದ್ದರೂ ಅದನ್ನು ಹಾಗೆಯೇ ವರದಿ ಮಾಡಿ. ಮೌಲ್ಯಮಾಪನ ಮಾಡುವಾಗ ನಾನು ಮೊದಲು ನೋಡುವುದು ವಿಧಾನವನ್ನು, ಫಲಿತಾಂಶವನ್ನಲ್ಲ.

ಪದವಿಯ ನಂತರ ಕೂಡಲೇ ಓದಬೇಕೋ, ಕೆಲಸಕ್ಕೆ ಸೇರಬೇಕೋ ಎಂಬ ಬಗ್ಗೆ ಬಳಕೆದಾರರ ಕುರಿತು ಸಂಶೋಧನೆ ಮಾಡುವ ಮೇಡಂ ಬರೆದದ್ದನ್ನು ನಾನು ಅರ್ಧದಷ್ಟು ಒಪ್ಪುತ್ತೇನೆ. ಕೆಲಸದ ಅನುಭವದಿಂದ ಆಯ್ಕೆ ಖಚಿತವಾಗುವುದು ನಿಜ. ಆದರೆ ಚಿಕಿತ್ಸಾ ಕ್ಷೇತ್ರದ ತರಬೇತಿ ದೀರ್ಘವಾದುದು, ಆ ದಾರಿ ಖಚಿತವಾಗಿರುವವರು ತಡಮಾಡಲು ಕಾರಣವಿಲ್ಲ. ಖಚಿತವಿಲ್ಲದಿದ್ದರೆ ಸಂಶೋಧನಾ ಸಹಾಯಕ ಹುದ್ದೆಯಲ್ಲಿ ಒಂದು ವರ್ಷ ಕಳೆಯುವುದು ಎರಡೂ ದಾರಿಗಳಿಗೆ ನೆರವಾಗುತ್ತದೆ. ನರವಿಜ್ಞಾನದ ಕಡೆಗೆ ಒಲವಿದ್ದರೆ ಮಾತ್ರ ಈಗಲೇ ಎಚ್ಚರ ವಹಿಸಿ: ಅಂತಹ ಹಲವು ಕೋರ್ಸುಗಳು ಜೀವವಿಜ್ಞಾನ, ಗಣಿತ ಅಥವಾ ಪ್ರೋಗ್ರಾಮಿಂಗ್ ಓದಿರಬೇಕೆಂದು ಕೇಳುತ್ತವೆ, ಅಂತಿಮ ವರ್ಷದಲ್ಲಿ ಅದನ್ನು ತುಂಬಿಕೊಳ್ಳುವುದು ಕಷ್ಟ.

ಶಿಫಾರಸು ಪತ್ರದ ವಿಚಾರವನ್ನು ಯಾರೂ ಬರೆಯಲಿಲ್ಲ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ನಿಮ್ಮ ಹೆಸರು ಮತ್ತು ಅಂಕ ಮಾತ್ರ ಗೊತ್ತಿರುವ ಅಧ್ಯಾಪಕರು ಎಷ್ಟೇ ಹಿರಿಯರಾಗಿದ್ದರೂ ಉಪಯುಕ್ತ ಪತ್ರ ಬರೆಯಲಾರರು. ನಿಮ್ಮ ಕರಡನ್ನು ತಿದ್ದಿದವರು, ತಿದ್ದಿದ ಮೇಲೆ ನೀವು ಅದನ್ನು ಹೇಗೆ ಸುಧಾರಿಸಿದಿರಿ ಎಂದು ಕಂಡವರು ಬರೆದ ಪತ್ರಕ್ಕೆ ತೂಕವಿರುತ್ತದೆ. ಹಾಗಾಗಿ ಈ ವರ್ಷವೇ ಒಬ್ಬ ಅಧ್ಯಾಪಕರ ಬಳಿ ಹೋಗಿ, ಅವರು ಮಾಡುತ್ತಿರುವ ಸಂಶೋಧನೆಯಲ್ಲಿ ದತ್ತಾಂಶ ನಮೂದಿಸುವಂತಹ ಸಣ್ಣ ಕೆಲಸವಾದರೂ ಕೊಡಿ ಎಂದು ಕೇಳಿ. ಪತ್ರ ಬೇಕಾದಾಗ ಕೊನೆಯ ದಿನಾಂಕಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ವಿನಂತಿಸಿ, ಜೊತೆಗೆ ನೀವು ಅರ್ಜಿ ಹಾಕುತ್ತಿರುವ ಕೋರ್ಸಿನ ವಿವರ, ನಿಮ್ಮ ಕಿರುಸಂಶೋಧನೆಯ ಪ್ರತಿ ಮತ್ತು ಅವರೊಂದಿಗೆ ಮಾಡಿದ ಕೆಲಸದ ಒಂದು ಪುಟದ ಟಿಪ್ಪಣಿಯನ್ನು ಕೊಡಿ.